ಆಟವು ವೃತ್ತಿಯಾದ ಬಗೆ: ಅದಿತಿ ಅಶೋಕ್ ಮತ್ತು ಕರ್ನಾಟಕದ ಮಹಿಳಾ ಗಾಲ್ಫ್

ಪ್ರವೇಶ

ಕರ್ನಾಟಕದ ಕ್ರೀಡಾಚರಿತ್ರೆಯನ್ನು ಕುರಿತ ಬರವಣಿಗೆಯಲ್ಲಿ ಎರಡು ಬಗೆಯ ಆಟಗಳಿಗೆ ಹೆಚ್ಚಿನ ಸ್ಥಾನ ದೊರೆತಿದೆ. ಮೊದಲನೆಯದು ಗರಡಿಮನೆಯ ಕುಸ್ತಿ, ಕಬಡ್ಡಿ, ಕೊಕ್ಕೊಗಳಂತಹ ನಮ್ಮ ನೆಲದ ಆಟಗಳು. ಎರಡನೆಯದು ವಸಾಹತು ಕಾಲದಲ್ಲಿ ಹೊರಗಿನಿಂದ ಬಂದು ಕಾಲಕ್ರಮದಲ್ಲಿ ಜನಸಾಮಾನ್ಯರದಾದ ಕ್ರಿಕೆಟ್, ಹಾಕಿ ಮೊದಲಾದ ಆಟಗಳು. ಈ ಎರಡೂ ಗುಂಪಿಗೆ ಸೇರದ ಆಟವೊಂದಿದೆ. ಅದು ಗಾಲ್ಫ್. ಕ್ರಿಕೆಟ್ಟಿನಂತೆಯೇ ಇದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಮ್ಮ ನಾಡಿಗೆ ಬಂದಿತು. ಆದರೆ ಕ್ರಿಕೆಟ್ಟಿನಂತೆ ಊರ ಬಯಲಿಗೆ ಇಳಿಯಲಿಲ್ಲ. ಕ್ಲಬ್ಬಿನ ಆವರಣದ ಒಳಗೇ ಉಳಿಯಿತು. ಆದಕಾರಣ ನಮ್ಮ ಸಂಶೋಧಕರು ಇದನ್ನು ಸಿರಿವಂತರ ವಿನೋದವೆಂದು ಭಾವಿಸಿ ಬದಿಗಿರಿಸಿದ್ದರೆ ಅದು ಆಶ್ಚರ್ಯದ ಸಂಗತಿಯಲ್ಲ.

ಇಂತಹ ಆಟದಲ್ಲಿ ಬೆಂಗಳೂರಿನ ಒಬ್ಬ ಹೆಣ್ಣುಮಗಳು, ಅದಿತಿ ಅಶೋಕ್, ಭಾರತೀಯ ಮಹಿಳೆಯರಾರೂ ಅದುವರೆಗೆ ಏರದಿದ್ದ ಎತ್ತರವನ್ನು ಏರಿದರು. ೨೦೧೬ರಲ್ಲಿ ಯುರೋಪಿನ ಮಹಿಳಾ ವೃತ್ತಿಪರ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯ ಆಟಗಾರ್ತಿ ಎನಿಸಿದರು. ೨೦೨೧ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ೨೦೨೩ರಲ್ಲಿ ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಈ ‘ಮೊದಲು’ಗಳ ಪಟ್ಟಿಯನ್ನು ಇನ್ನೂ ಬೆಳೆಸಬಹುದು. ಆದರೆ ಅವರ ಸಾಧನೆಯ ಚಾರಿತ್ರಿಕ ಮಹತ್ವವು ಈ ಪಟ್ಟಿಯಲ್ಲಿ ಇಲ್ಲ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ. ಹೆಣ್ಣೊಬ್ಬಳು ಈ ಆಟವನ್ನು ಜೀವನವೃತ್ತಿಯನ್ನಾಗಿ ಆರಿಸಿಕೊಂಡು, ಗೆಲುವು ಬಂದ ವರ್ಷಗಳಲ್ಲಿಯೂ ಬಾರದ ವರ್ಷಗಳಲ್ಲಿಯೂ ಅದನ್ನು ಉಳಿಸಿಕೊಂಡುದು ಹೇಗೆ ಎಂಬ ಪ್ರಶ್ನೆಯಲ್ಲಿ ಆ ಮಹತ್ವವನ್ನು ಅರಸಬೇಕಾಗಿದೆ. ಈ ಪ್ರಶ್ನೆಯೊಂದಿಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಬೆಂಗಳೂರಿನಲ್ಲಿ ಸಾಧ್ಯವಾದದ್ದು ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂತಹ ಊರಿನ ಹುಡುಗಿಗೆ ಸಾಧ್ಯವೇ? ಅಲ್ಲವಾದರೆ ಅಡ್ಡಿಯಾಗಿರುವುದೇನು? ಪ್ರಬಂಧದ ಕೊನೆಯ ಭಾಗದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ.

ಕರ್ನಾಟಕದಲ್ಲಿ ಗಾಲ್ಫ್: ಹಿನ್ನೆಲೆ

ಭಾರತದಲ್ಲಿ ಗಾಲ್ಫ್ ಆಟದ ಸಾಂಸ್ಥಿಕ ಚರಿತ್ರೆಯು ೧೮೨೯ರಲ್ಲಿ ಸ್ಥಾಪನೆಯಾದ ಕಲ್ಕತ್ತದ ಕ್ಲಬ್ಬಿನಿಂದ ಆರಂಭವಾಗುತ್ತದೆ. ಬ್ರಿಟಿಷ್ ದ್ವೀಪಗಳ ಹೊರಗಿನ ಅತಿ ಹಳೆಯ ಗಾಲ್ಫ್ ಕ್ಲಬ್ಬುಗಳಲ್ಲಿ ಅದೂ ಒಂದು. ನಮ್ಮ ನಾಡಿನಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು ೧೮೭೬ರಲ್ಲಿ ಸ್ಥಾಪನೆಯಾಯಿತು. ಆಗ ಬೆಂಗಳೂರು ದಂಡು ಪ್ರದೇಶವು ಬ್ರಿಟಿಷ್ ಸೈನ್ಯದ ದೊಡ್ಡ ನೆಲೆಯಾಗಿದ್ದುದು ಇದಕ್ಕೆ ಮುಖ್ಯ ಕಾರಣ. ಸೈನ್ಯಾಧಿಕಾರಿಗಳು, ಆಡಳಿತಗಾರರು, ಕೋಲಾರದ ಚಿನ್ನದ ಗಣಿಯ ಎಂಜಿನಿಯರುಗಳು, ಕೊಡಗಿನ ಕಾಫಿ ತೋಟಗಳ ಒಡೆಯರು ಎಲ್ಲಿ ನೆಲೆಸಿದರೋ ಅಲ್ಲೆಲ್ಲ ಈ ಆಟದ ಅಂಗಳಗಳು ಕಾಣಿಸಿಕೊಂಡವು. ಮೈಸೂರಿನಲ್ಲಿ ಅರಸು ಮನೆತನದ ಪ್ರೋತ್ಸಾಹವೂ ಈ ಆಟಕ್ಕೆ ದೊರೆಯಿತು. ಅಲ್ಲಿನ ಗಾಲ್ಫ್ ಕ್ಲಬ್ಬು ಇಂದಿಗೂ ಜಯಚಾಮರಾಜ ಒಡೆಯರ ಹೆಸರನ್ನು ಹೊತ್ತಿದೆ.

ಸ್ವಾತಂತ್ರ್ಯಾನಂತರ ಕ್ಲಬ್ಬುಗಳ ಸದಸ್ಯತ್ವವು ಬಿಳಿಯರಿಂದ ಭಾರತೀಯ ಅಧಿಕಾರಿವರ್ಗ ಹಾಗೂ ಉದ್ಯಮಿಗಳ ಕೈಗೆ ಬಂದಿತು. ಆದರೆ ಕ್ಲಬ್ಬಿನ ಸ್ವರೂಪ ಬದಲಾಗಲಿಲ್ಲ. ಆಡುವವರು ಸದಸ್ಯರು, ಅವರ ಚೀಲ ಹೊರುವವರು ಅಕ್ಕಪಕ್ಕದ ಹಳ್ಳಿ ಕೇರಿಗಳಿಂದ ಬಂದ ಕ್ಯಾಡಿಗಳು. ಭಾರತದ ವೃತ್ತಿಪರ ಗಾಲ್ಫ್ ಆಟಗಾರರ ಮೊದಲ ತಲೆಮಾರುಗಳು ಈ ಕ್ಯಾಡಿಗಳ ನಡುವಿನಿಂದಲೇ ಮೂಡಿಬಂದವೆಂಬುದು ಗಮನಾರ್ಹ. ನಮ್ಮ ಕಾಲದಲ್ಲಿಯೂ ಬಿಡದಿಯ ಸಮೀಪದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪನವರು ಗಾಲ್ಫ್ ಅಂಗಳದ ನೆರೆಯಲ್ಲಿ ಬೆಳೆದುದರಿಂದಲೇ ಈ ಆಟಕ್ಕೆ ಬಂದು ಹೆಸರಾಂತ ವೃತ್ತಿಪರರಾದರು. ಅಂದರೆ ಬಡ ಕುಟುಂಬದ ಗಂಡುಮಕ್ಕಳಿಗೆ ಇಕ್ಕಟ್ಟಿನದಾದರೂ ಒಂದು ಹಿಂಬಾಗಿಲು ಇದ್ದಿತು. ಹೆಣ್ಣುಮಕ್ಕಳ ಸ್ಥಿತಿ ಬೇರೆಯಾಗಿತ್ತು. ಕ್ಲಬ್ಬಿನ ಒಳಗೆ ಅವರು ಬಹುಮಟ್ಟಿಗೆ ಸದಸ್ಯರ ಪತ್ನಿಯರಾಗಿ, ಪುತ್ರಿಯರಾಗಿ ಬಂದವರು. ಅವರಲ್ಲಿ ಉತ್ತಮ ಆಟಗಾರ್ತಿಯರಿದ್ದರು. ಅಖಿಲ ಭಾರತ ಮಟ್ಟದಲ್ಲಿ ಸೀತಾ ರಾವ್ಲೆ, ನೋನಿತಾ ಲಾಲ್ ಅವರಂತಹವರು ಅರ್ಜುನ ಪ್ರಶಸ್ತಿಗೂ ಪಾತ್ರರಾದರು. ಆದರೆ ಅವರೆಲ್ಲ ಹವ್ಯಾಸಿಗಳು. ಆಡಿ ಹಣ ಗಳಿಸುವುದು ಕ್ಯಾಡಿಗಳ ಕೆಲಸ, ಹವ್ಯಾಸವಾಗಿ ಆಡುವುದು ಸದಸ್ಯ ಕುಟುಂಬಗಳ ಗೌರವ ಎಂಬ ಭೇದವು ಬಹುಕಾಲ ನೆಲೆನಿಂತಿತ್ತು. ಹೀಗಾಗಿ ಹೆಣ್ಣಿಗೆ ಆ ಹಿಂಬಾಗಿಲೂ ಇರಲಿಲ್ಲ; ಮುಂಬಾಗಿಲಿನಿಂದ ಬಂದವಳಿಗೆ ಅದು ವೃತ್ತಿಯೂ ಆಗಿರಲಿಲ್ಲ.

ವೃತ್ತಿಪರ ಗಾಲ್ಫ್ ಎಂದರೇನು?

ಮುಂದಿನ ವಿವೇಚನೆಗೆ ಅಗತ್ಯವಾದ ಒಂದೆರಡು ಮಾತುಗಳನ್ನು ಇಲ್ಲಿ ಹೇಳಬೇಕು. ಗಾಲ್ಫ್ ಅಂಗಳದಲ್ಲಿ ಹದಿನೆಂಟು ಕುಳಿಗಳಿರುತ್ತವೆ. ಚೆಂಡನ್ನು ಅತಿ ಕಡಿಮೆ ಹೊಡೆತಗಳಲ್ಲಿ ಒಂದೊಂದಾಗಿ ಎಲ್ಲ ಕುಳಿಗಳಿಗೂ ಸೇರಿಸಿದವರು ಗೆದ್ದಂತೆ. ನುರಿತ ಆಟಗಾರರಿಗೆ ಒಂದು ಸುತ್ತಿಗೆ ಇಷ್ಟು ಹೊಡೆತಗಳು ಸಾಕೆಂದು ನಿಗದಿಪಡಿಸಿದ ಸಂಖ್ಯೆಗೆ ‘ಪಾರ್’ ಎಂದು ಹೆಸರು. ಅದು ಸಾಮಾನ್ಯವಾಗಿ ೭೧ ಅಥವಾ ೭೨. ವೃತ್ತಿಪರ ಸ್ಪರ್ಧೆಯು ಮೂರು ಇಲ್ಲವೆ ನಾಲ್ಕು ದಿನ ನಡೆಯುತ್ತದೆ. ಸಾಮಾನ್ಯವಾಗಿ ಮೊದಲ ಎರಡು ದಿನಗಳ ನಂತರ ಹಿಂದುಳಿದವರನ್ನು ಹೊರಗಿಡಲಾಗುತ್ತದೆ. ಹಾಗೆ ಹೊರಬಿದ್ದವರಿಗೆ ಬಹುಮಾನದ ಹಣದಲ್ಲಿ ಪಾಲಿಲ್ಲ. ಪ್ರಯಾಣ, ವಸತಿ, ಕ್ಯಾಡಿಯ ಸಂಭಾವನೆ ಎಲ್ಲವೂ ಆಟಗಾರರ ಸ್ವಂತ ಖರ್ಚು. ತಂಡವಿಲ್ಲ, ತಿಂಗಳ ಸಂಬಳವಿಲ್ಲ. ಒಂದು ಟೂರ್‌ನಲ್ಲಿ ಆಡುವ ಹಕ್ಕನ್ನು ಆಟಗಾರರು ‘ಕಾರ್ಡ್’ ಎಂದು ಕರೆಯುತ್ತಾರೆ. ಅದನ್ನು ಅರ್ಹತಾ ಸ್ಪರ್ಧೆಯಲ್ಲಿ ಗಳಿಸಬೇಕು. ಗಳಿಸಿದ ಮೇಲೆ ವರ್ಷದ ಆಟದಿಂದ ಉಳಿಸಿಕೊಳ್ಳಬೇಕು. ಆದ್ದರಿಂದ ವೃತ್ತಿಪರ ಆಟಗಾರ್ತಿಯ ಬದುಕಿನಲ್ಲಿ ಪ್ರಶಸ್ತಿಯಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಿನ ಮಹತ್ವ ಈ ಹಕ್ಕಿಗೆ ಇದೆ.

ಮಹಿಳೆಯರಿಗೆ ಇಂತಹ ವೃತ್ತಿಯೊಂದು ಜಗತ್ತಿನಲ್ಲಿ ರೂಪುಗೊಂಡದ್ದೇ ತಡವಾಗಿ. ಅಮೆರಿಕದ ಮಹಿಳಾ ವೃತ್ತಿಪರರ ಸಂಘವಾದ ಎಲ್‌ಪಿಜಿಎಯನ್ನು ೧೯೫೦ರಲ್ಲಿ ಹದಿಮೂರು ಮಂದಿ ಆಟಗಾರ್ತಿಯರು ಸೇರಿ ಕಟ್ಟಿದರು. ಯುರೋಪಿನ ಮಹಿಳಾ ಟೂರ್‌ನ ಮೊದಲ ಋತು ನಡೆದದ್ದು ೧೯೭೯ರಲ್ಲಿ. ಭಾರತದಿಂದ ಎಲ್‌ಪಿಜಿಎ ಟೂರ್‌ಗೆ ಮೊದಲು ಹೋದವರು ಕಲ್ಕತ್ತದ ಸಿಮಿ ಮೆಹ್ರಾ. ಅವರು ೧೯೯೦ರ ದಶಕದಲ್ಲಿ, ದೇಶದಲ್ಲಿ ಮಹಿಳೆಯರಿಗೆ ವೃತ್ತಿಪರ ಟೂರ್ ಎಂಬುದೇ ಇಲ್ಲದಿದ್ದಾಗ, ಆ ದಾರಿಯನ್ನು ತುಳಿದರು. ದೇಶದ ಒಳಗೆ ಮಹಿಳೆಯರಿಗಾಗಿ ವೃತ್ತಿಪರ ಸ್ಪರ್ಧೆಗಳು ಕ್ರಮವಾಗಿ ನಡೆಯತೊಡಗಿದ್ದು ೨೦೦೦ರ ದಶಕದಲ್ಲಿ. ಮಹಿಳೆಯರ ಇಂಡಿಯನ್ ಓಪನ್ ಪಂದ್ಯಾವಳಿ ೨೦೦೭ರಲ್ಲಿ ಆರಂಭವಾಯಿತು. ಕರ್ನಾಟಕದ ಮಟ್ಟಿಗೆ ಈ ಹೊಸ ಅವಕಾಶದ ಮೊದಲ ಫಲ ಬೆಂಗಳೂರಿನ ಶರ್ಮಿಳಾ ನಿಕೋಲೆಟ್. ಅವರು ೨೦೧೨ರಲ್ಲಿ ಯುರೋಪಿನ ಟೂರ್‌ಗೆ ಅರ್ಹತೆ ಪಡೆದರು. ಅದಿತಿ ಅವರ ಸಾಧನೆಯನ್ನು ಈ ಸಾಲಿನಲ್ಲಿರಿಸಿ ನೋಡಿದಾಗ ಮಾತ್ರ ಅದರ ನೈಜ ಸ್ಥಾನ ತಿಳಿಯುತ್ತದೆ. ಅವರು ಶೂನ್ಯದಿಂದ ಉದಿಸಿದವರಲ್ಲ. ಆದರೆ ಅವರಿಗಿಂತ ಹಿಂದಿನವರು ತಟ್ಟಿದ ಬಾಗಿಲನ್ನು ದಾಟಿ ಒಳಗೆ ಬಹುಕಾಲ ನಿಂತವರು ಅವರು.

ಬಾಲ್ಯ ಹಾಗೂ ಹವ್ಯಾಸಿ ವರ್ಷಗಳು

ಅದಿತಿ ಅವರು ೧೯೯೮ರ ಮಾರ್ಚ್ ೨೯ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಅಶೋಕ್ ಗುಡ್ಲಮನಿ, ತಾಯಿ ಮಹೇಶ್ವರಿ. ಇಬ್ಬರೂ ಆಗ ಗಾಲ್ಫ್ ಆಟಗಾರರಾಗಿರಲಿಲ್ಲ. ಈ ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಕ್ಲಬ್ಬಿನ ಸದಸ್ಯ ಕುಟುಂಬದ ಪರಂಪರೆ ಇಲ್ಲಿ ಇಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಅಂಗಳಕ್ಕೆ ಎದುರಾಗಿದ್ದ ಉಪಾಹಾರಗೃಹವೊಂದಕ್ಕೆ ಕುಟುಂಬವು ಬೆಳಗಿನ ತಿಂಡಿಗೆ ಹೋಗುತ್ತಿತ್ತು. ಅಲ್ಲಿ ಕುಳಿತಾಗ ಕಾಣುತ್ತಿದ್ದ ಆಟ ಐದು ವರ್ಷದ ಮಗುವಿನ ಕುತೂಹಲವನ್ನು ಕೆರಳಿಸಿತು. ಮಗು ಆಡಬೇಕೆಂದಿತು, ತಂದೆತಾಯಿ ಕರೆದುಕೊಂಡು ಹೋದರು, ಮಗುವಿನೊಡನೆ ತಂದೆಯೂ ಆಟ ಕಲಿಯತೊಡಗಿದರು.

ಕಥೆಯಂತೆ ತೋರುವ ಈ ಪ್ರಸಂಗದಲ್ಲಿ ಚರಿತ್ರೆಕಾರನಿಗೆ ಮುಖ್ಯವಾದದ್ದು ಅಭ್ಯಾಸದ ಅಂಗಳ. ಹದಿನೆಂಟು ಕುಳಿಗಳ ಪೂರ್ಣ ಅಂಗಳಕ್ಕೆ ಪ್ರವೇಶ ಪಡೆಯುವುದು ಕಷ್ಟ. ಆದರೆ ನಿಂತ ಕಡೆಯಿಂದಲೇ ಚೆಂಡು ಹೊಡೆದು ಕಲಿಯುವ ಅಭ್ಯಾಸದ ಅಂಗಳವು ಸದಸ್ಯರಲ್ಲದವರಿಗೂ ಎಟುಕಬಲ್ಲದು. ಹೊರಗಿನವರ ಕಣ್ಣಿಗೆ ಬೀಳುವ, ಮಗುವೊಂದು ಕೇಳಿದಾಗ ಒಳಗೆ ಬಿಡುವ ಇಂತಹ ಒಂದು ಜಾಗ ಇದ್ದುದರಿಂದಲೇ ಈ ವೃತ್ತಿಜೀವನ ಆರಂಭವಾಯಿತು. ಪ್ರತಿಭೆಯ ಪ್ರಶ್ನೆ ಬರುವುದು ಅನಂತರ.

ಬೆಂಗಳೂರಿನ ಫ್ರಾಂಕ್ ಆಂಟನಿ ಪಬ್ಲಿಕ್ ಶಾಲೆಯಲ್ಲಿ ಓದುತ್ತಲೇ ಅದಿತಿ ಅವರು ಕಿರಿಯರ ಸ್ಪರ್ಧೆಗಳಲ್ಲಿ ಹೆಸರು ಗಳಿಸಿದರು. ೨೦೧೧ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ರಾಷ್ಟ್ರೀಯ ಹವ್ಯಾಸಿ ಪ್ರಶಸ್ತಿಯನ್ನು ಗೆದ್ದರು. ೨೦೧೨ರಿಂದ ೨೦೧೪ರವರೆಗೆ ಸತತ ಮೂರು ವರ್ಷ ರಾಷ್ಟ್ರೀಯ ಕಿರಿಯರ ಪ್ರಶಸ್ತಿ ಅವರದಾಯಿತು. ೨೦೧೪ರಲ್ಲಿ ಕಿರಿಯರ ಹಾಗೂ ಹಿರಿಯರ ಪ್ರಶಸ್ತಿಗಳೆರಡೂ ಅವರ ಕೈಸೇರಿದವು. ೨೦೧೩ರ ಏಷ್ಯನ್ ಯುವ ಕ್ರೀಡಾಕೂಟ, ೨೦೧೪ರ ಯುವ ಒಲಿಂಪಿಕ್ಸ್ ಮತ್ತು ಅದೇ ವರ್ಷದ ಇಂಚಿಯಾನ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಅವರು ದೇಶವನ್ನು ಪ್ರತಿನಿಧಿಸಿದರು. ೨೦೧೫ರಲ್ಲಿ ಬ್ರಿಟನ್ನಿನ ಮಹಿಳಾ ಹವ್ಯಾಸಿ ಸ್ಟ್ರೋಕ್ ಪ್ಲೇ ಪ್ರಶಸ್ತಿಯನ್ನು ಗೆದ್ದದ್ದು ಹವ್ಯಾಸಿ ಘಟ್ಟದ ಶಿಖರ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತ ಕೆಲಕಾಲ ಹವ್ಯಾಸಿಯಾಗಿ ಮುಂದುವರಿಯುವುದು ಇಂತಹ ಆಟಗಾರ್ತಿಯರಲ್ಲಿ ಹಲವರು ಹಿಡಿಯುವ ಹಾದಿ. ಅದಿತಿ ಅವರು ಅದನ್ನು ಹಿಡಿಯಲಿಲ್ಲ. ೨೦೧೫ರ ಡಿಸೆಂಬರಿನಲ್ಲಿ ಮೊರಾಕ್ಕೊ ದೇಶದಲ್ಲಿ ನಡೆದ ಯುರೋಪಿನ ಟೂರ್‌ನ ಅರ್ಹತಾ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನವನ್ನೇ ಗಳಿಸಿ, ೨೦೧೬ರ ಜನವರಿ ೧ರಿಂದ ವೃತ್ತಿಪರರಾದರು. ಆಗ ಅವರ ಶಾಲಾ ವ್ಯಾಸಂಗವಿನ್ನೂ ಮುಗಿದಿರಲಿಲ್ಲ.

೨೦೧೬: ಮೊದಲ ವರ್ಷ

ಗಾಲ್ಫ್ ೧೯೦೪ರ ನಂತರ ಒಲಿಂಪಿಕ್ಸ್‌ನಿಂದ ಮರೆಯಾಗಿತ್ತು. ಮಹಿಳೆಯರಂತೂ ೧೯೦೦ರ ಪ್ಯಾರಿಸ್ ಕೂಟದ ನಂತರ ಅಲ್ಲಿ ಆಡಿರಲಿಲ್ಲ. ೨೦೧೬ರ ರಿಯೊ ಕೂಟದಲ್ಲಿ ಈ ಆಟ ಮರಳಿ ಬಂದಾಗ ಅದಿತಿ ಅವರಿಗೆ ಹದಿನೆಂಟು ವರ್ಷ. ಮಹಿಳಾ ವಿಭಾಗದಲ್ಲಿ ಅವರೇ ಅತಿ ಕಿರಿಯರು. ಅವರ ಚೀಲವನ್ನು ಹೊತ್ತವರು ತಂದೆ. ಮೊದಲ ಎರಡು ಸುತ್ತುಗಳಲ್ಲಿ ತಲಾ ೬೮ ಹೊಡೆತಗಳಲ್ಲಿ ಮುಗಿಸಿ ಅವರು ಎಂಟನೆಯ ಸ್ಥಾನವನ್ನು ಹಂಚಿಕೊಂಡಿದ್ದರು. ಮುಂದಿನ ಎರಡು ದಿನಗಳಲ್ಲಿ ೭೯ ಮತ್ತು ೭೬ ಹೊಡೆತಗಳಾಗಿ ೪೧ನೆಯ ಸ್ಥಾನಕ್ಕೆ ಇಳಿದರು. ಅಂತಿಮ ಸ್ಥಾನ ಸಾಧಾರಣವೇ. ಆದರೆ ಭಾರತದಲ್ಲಿ ಮಹಿಳೆಯರೂ ವೃತ್ತಿಪರ ಗಾಲ್ಫ್ ಆಡುತ್ತಾರೆಂಬ ಸಂಗತಿ ಎಷ್ಟೋ ಮನೆಗಳಿಗೆ ತಿಳಿದದ್ದೇ ಆ ಎರಡು ದಿನಗಳಲ್ಲಿ.

ಅದೇ ವರ್ಷದ ನವೆಂಬರಿನಲ್ಲಿ ಗುರುಗ್ರಾಮದಲ್ಲಿ ನಡೆದ ಮಹಿಳೆಯರ ಇಂಡಿಯನ್ ಓಪನ್‌ನಲ್ಲಿ ಅವರು ಮೂರು ಸುತ್ತುಗಳನ್ನು ೨೧೩ ಹೊಡೆತಗಳಲ್ಲಿ, ಅಂದರೆ ಪಾರ್‌ಗಿಂತ ಮೂರು ಕಡಿಮೆ ಹೊಡೆತಗಳಲ್ಲಿ ಮುಗಿಸಿ ಪ್ರಶಸ್ತಿ ಗೆದ್ದರು. ಅಮೆರಿಕದ ಬ್ರಿಟನಿ ಲಿನ್ಸಿಕಮ್ ಹಾಗೂ ಸ್ಪೇನಿನ ಬೆಲೆನ್ ಮೋಜೊ ಒಂದು ಹೊಡೆತದಿಂದ ಹಿಂದುಳಿದರು. ಯುರೋಪಿನ ಮಹಿಳಾ ಟೂರ್‌ನಲ್ಲಿ ಭಾರತೀಯರೊಬ್ಬರು ಪಡೆದ ಮೊದಲ ಗೆಲುವು ಇದು. ಎರಡು ವಾರಗಳೊಳಗೆ ಕತಾರಿನಲ್ಲಿ ಇನ್ನೊಂದು ಗೆಲುವು ಬಂದಿತು. ಋತುವಿನ ಕೊನೆಗೆ ಅವರು ಟೂರ್‌ನ ಶ್ರೇಯಾಂಕದಲ್ಲಿ ಎರಡನೆಯವರಾದರು. ವರ್ಷದ ಶ್ರೇಷ್ಠ ಹೊಸ ಆಟಗಾರ್ತಿ ಎಂಬ ಗೌರವವೂ ಸಂದಿತು. ೨೦೧೭ರಿಂದ ಅಮೆರಿಕದ ಎಲ್‌ಪಿಜಿಎ ಟೂರ್‌ನಲ್ಲಿ ಆಡತೊಡಗಿದರು. ಆ ವರ್ಷದ ನವೆಂಬರಿನಲ್ಲಿ ಅಬುಧಾಬಿಯಲ್ಲಿ ಮೂರನೆಯ ಯುರೋಪಿಯನ್ ಟೂರ್ ಪ್ರಶಸ್ತಿಯನ್ನು ಗೆದ್ದರು.

ಗೆಲುವಿಲ್ಲದ ವರ್ಷಗಳು ಮತ್ತು ಟೋಕಿಯೊ

೨೦೧೭ರ ನವೆಂಬರಿನಿಂದ ೨೦೨೩ರ ಫೆಬ್ರುವರಿಯವರೆಗೆ, ಅಂದರೆ ಐದು ವರ್ಷಗಳಿಗೂ ಮಿಗಿಲಾದ ಅವಧಿಯಲ್ಲಿ, ಅದಿತಿ ಅವರು ಈ ಎರಡು ಟೂರ್‌ಗಳಲ್ಲಿ ಯಾವ ಪ್ರಶಸ್ತಿಯನ್ನೂ ಗೆಲ್ಲಲಿಲ್ಲ. ಪ್ರಶಸ್ತಿಗಳ ಪಟ್ಟಿಯನ್ನಷ್ಟೇ ಆಧಾರವಾಗಿ ಇಟ್ಟುಕೊಂಡರೆ ಇದು ಖಾಲಿ ಕಾಲ. ವೃತ್ತಿಯ ದೃಷ್ಟಿಯಿಂದ ನೋಡಿದರೆ ಇದೇ ಅತ್ಯಂತ ಮಹತ್ವದ ಕಾಲ. ಜಗತ್ತಿನ ಅತಿ ಕಠಿಣ ಮಹಿಳಾ ಟೂರ್‌ನಲ್ಲಿ, ದೂರ ಹೊಡೆಯುವ ಶಕ್ತಿಯೇ ಹೆಚ್ಚು ಹೆಚ್ಚು ಮುಖ್ಯವಾಗುತ್ತಿದ್ದ ದಿನಗಳಲ್ಲಿ, ಅಷ್ಟೇನೂ ದೂರ ಹೊಡೆಯದ ಆಟಗಾರ್ತಿಯೊಬ್ಬರು ವರ್ಷದಿಂದ ವರ್ಷಕ್ಕೆ ನಿಂತು ಆಡಿದರು. ಅವರ ಬಲವಿದ್ದುದು ಕುಳಿಯ ಸಮೀಪದ ನಯವಾದ ಹೊಡೆತಗಳಲ್ಲಿ, ವಿಶೇಷವಾಗಿ ‘ಪಟ್’ ಎಂದು ಕರೆಯುವ ಕೊನೆಯ ಹೊಡೆತದಲ್ಲಿ. ೨೦೨೦ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಘೋಷಣೆಯಾಯಿತು.

೨೦೨೧ರ ಬೇಸಿಗೆಯಲ್ಲಿ ಅವರಿಗೆ ಕೋವಿಡ್ ಸೋಂಕು ತಗಲಿತು. ಚೇತರಿಸಿಕೊಂಡ ಮೇಲೂ ಶಕ್ತಿ ಕುಂದಿತ್ತು. ಹೊಡೆತದ ದೂರ ಇನ್ನಷ್ಟು ತಗ್ಗಿತ್ತು. ಇಂತಹ ಸ್ಥಿತಿಯಲ್ಲಿ, ವಿಶ್ವ ಶ್ರೇಯಾಂಕದಲ್ಲಿ ಇನ್ನೂರನೆಯ ಸ್ಥಾನದಲ್ಲಿದ್ದು, ಅವರು ಒಂದು ವರ್ಷ ಮುಂದೂಡಲ್ಪಟ್ಟಿದ್ದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದರು. ಈ ಸಲ ಚೀಲ ಹೊತ್ತವರು ತಾಯಿ. ಕಸುಮಿಗಸೆಕಿ ಅಂಗಳದಲ್ಲಿ ಅರವತ್ತು ಮಂದಿ ಆಟಗಾರ್ತಿಯರ ನಡುವೆ ಅವರು ೬೭, ೬೬, ೬೮ ಹೊಡೆತಗಳ ಮೂರು ಸುತ್ತುಗಳನ್ನು ಆಡಿ, ಮೂರನೆಯ ದಿನದ ಕೊನೆಗೆ ಏಕಾಂಗಿಯಾಗಿ ಎರಡನೆಯ ಸ್ಥಾನದಲ್ಲಿದ್ದರು. ಮುಂದಿದ್ದವರು ವಿಶ್ವದ ಅಗ್ರ ಆಟಗಾರ್ತಿ, ಅಮೆರಿಕದ ನೆಲ್ಲಿ ಕೋರ್ಡಾ ಒಬ್ಬರೇ.

೨೦೨೧ರ ಆಗಸ್ಟ್ ೭ರ ಬೆಳಗ್ಗೆ ಭಾರತದಲ್ಲಿ ಗಾಲ್ಫ್ ನಿಯಮಗಳೇ ತಿಳಿಯದ ಅಸಂಖ್ಯ ಜನ ದೂರದರ್ಶನದ ಮುಂದೆ ಕುಳಿತಿದ್ದರು. ಪಾರ್ ಎಂದರೇನು, ಬರ್ಡಿ ಎಂದರೇನು ಎಂದು ಮನೆಮಂದಿ ಒಬ್ಬರನ್ನೊಬ್ಬರು ಕೇಳಿಕೊಂಡ ಬೆಳಗ್ಗೆ ಅದು. ಮಳೆ ಗುಡುಗಿನಿಂದ ಆಟ ನಡುವೆ ನಿಂತು ಮತ್ತೆ ಮುಂದುವರಿಯಿತು. ಕೊನೆಯ ಕುಳಿಯಲ್ಲಿ ಅವರು ಹೊಡೆದ ದೂರದ ಪಟ್ ಕುಳಿಗೆ ಬೀಳಲಿಲ್ಲ. ಬಿದ್ದಿದ್ದರೆ ಪದಕಕ್ಕಾಗಿ ನಡೆದ ಮರುಪಂದ್ಯದಲ್ಲಿ ಅವರೂ ಇರುತ್ತಿದ್ದರು. ಕೋರ್ಡಾ ಪಾರ್‌ಗಿಂತ ಹದಿನೇಳು ಕಡಿಮೆ ಹೊಡೆತಗಳಲ್ಲಿ ಚಿನ್ನ ಪಡೆದರು. ಹದಿನಾರು ಕಡಿಮೆಯಲ್ಲಿ ಸಮನಾಗಿದ್ದ ಜಪಾನಿನ ಮೋನೆ ಇನಾಮಿ ಹಾಗೂ ನ್ಯೂಜಿಲೆಂಡಿನ ಲಿಡಿಯಾ ಕೊ ಮರುಪಂದ್ಯದ ನಂತರ ಬೆಳ್ಳಿ, ಕಂಚುಗಳನ್ನು ಪಡೆದರು. ಹದಿನೈದು ಕಡಿಮೆಯಲ್ಲಿ, ಒಟ್ಟು ೨೬೯ ಹೊಡೆತಗಳಲ್ಲಿ ಮುಗಿಸಿದ ಅದಿತಿ ಅವರು ನಾಲ್ಕನೆಯವರಾದರು. ಅದೇ ದಿನ ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆತದಲ್ಲಿ ಚಿನ್ನ ಗೆದ್ದರು. ದೇಶದ ಗಮನ ಸಹಜವಾಗಿ ಅತ್ತ ಹರಿಯಿತು.

ನಾಲ್ಕನೆಯ ಸ್ಥಾನವು ಚರಿತ್ರೆಯ ಬರವಣಿಗೆಗೆ ಒಡ್ಡುವ ಸಮಸ್ಯೆಯೊಂದನ್ನು ಇಲ್ಲಿ ಗುರುತಿಸಬಹುದು. ಪದಕಪಟ್ಟಿಯಲ್ಲಿ ಅದಕ್ಕೆ ಎಡೆಯಿಲ್ಲ. ಮುಂದೆ ಕೇವಲ ಪಟ್ಟಿಗಳನ್ನು ನೋಡಿ ಬರೆಯುವವನಿಗೆ ಆ ಬೆಳಗ್ಗೆ ನಡೆದದ್ದೇನೂ ಕಾಣಿಸದು. ೧೯೬೦ರ ರೋಮ್ ಕೂಟದಲ್ಲಿ ಮಿಲ್ಖಾ ಸಿಂಗ್, ೧೯೮೪ರ ಲಾಸ್ ಏಂಜಲೀಸ್ ಕೂಟದಲ್ಲಿ ಪಿ.ಟಿ. ಉಷಾ ಇದೇ ಸ್ಥಾನದಲ್ಲಿ ನಿಂತವರು. ಅವರ ನೆನಪು ಉಳಿದದ್ದು ಪಟ್ಟಿಗಳಿಂದಲ್ಲ, ಜನರ ಮಾತಿನಿಂದ. ಅದಿತಿ ಅವರ ನಾಲ್ಕನೆಯ ಸ್ಥಾನವನ್ನೂ ಈ ಸಾಲಿನಲ್ಲಿ ದಾಖಲಿಸುವುದು ನ್ಯಾಯ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಓಟಗಾರರಿಗೆ ಒಲಿಂಪಿಕ್ಸ್ ನಾಲ್ಕು ವರ್ಷಗಳ ಶ್ರಮದ ಗುರಿ. ವೃತ್ತಿಪರ ಗಾಲ್ಫ್ ಆಟಗಾರ್ತಿಗೆ ಅದು ವರ್ಷದ ಅನೇಕ ವಾರಗಳಲ್ಲಿ ಒಂದು ವಾರ. ಅದು ಮುಗಿದ ಮೇಲೆ ಚೀಲ ಕಟ್ಟಿಕೊಂಡು ಮುಂದಿನ ಊರಿಗೆ ಹೊರಡಲೇಬೇಕು.

೨೦೨೩: ಗೆಲುವು ಮತ್ತು ಕೈತಪ್ಪಿದ ಚಿನ್ನ

೨೦೨೩ರ ಫೆಬ್ರುವರಿಯಲ್ಲಿ ಕೀನ್ಯಾದ ಓಪನ್ ಪಂದ್ಯಾವಳಿಯನ್ನು ಒಂಬತ್ತು ಹೊಡೆತಗಳ ಅಂತರದಿಂದ ಗೆಲ್ಲುವುದರೊಂದಿಗೆ ದೀರ್ಘ ಕಾಯುವಿಕೆ ಕೊನೆಗೊಂಡಿತು. ಏಪ್ರಿಲಿನಲ್ಲಿ ಲಾಸ್ ಏಂಜಲೀಸ್‌ನ ಎಲ್‌ಪಿಜಿಎ ಸ್ಪರ್ಧೆಯಲ್ಲಿ ಅವರು ಮರುಪಂದ್ಯದವರೆಗೆ ಹೋದರು. ಅಲ್ಲಿ ಆಸ್ಟ್ರೇಲಿಯಾದ ಹನ್ನಾ ಗ್ರೀನ್ ಗೆದ್ದರು. ನವೆಂಬರಿನಲ್ಲಿ ಸ್ಪೇನಿನ ಓಪನ್ ಪ್ರಶಸ್ತಿ ಅದಿತಿ ಅವರದಾಯಿತು. ಅದು ಯುರೋಪಿನ ಟೂರ್‌ನಲ್ಲಿ ಅವರ ಐದನೆಯ ಗೆಲುವು.

ಈ ಎರಡು ಗೆಲುವುಗಳ ನಡುವೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ ನಡೆಯಿತು. ಮೂರನೆಯ ಸುತ್ತನ್ನು ಕೇವಲ ೬೧ ಹೊಡೆತಗಳಲ್ಲಿ ಮುಗಿಸಿದ ಅವರು ಏಳು ಹೊಡೆತಗಳ ಮುನ್ನಡೆಯೊಂದಿಗೆ ಕೊನೆಯ ದಿನವನ್ನು ಪ್ರವೇಶಿಸಿದರು. ಆ ದಿನ ಅವರ ಲೆಕ್ಕ ೭೭. ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಚಿನ್ನ ಗೆದ್ದರು. ಅದಿತಿ ಅವರಿಗೆ ಬೆಳ್ಳಿ ದೊರೆಯಿತು. ಟೋಕಿಯೊದಲ್ಲಿ ಪದಕವಿಲ್ಲದೆ ಮೆಚ್ಚುಗೆ ಬಂದಿತ್ತು. ಹಾಂಗ್‌ಝೌನಲ್ಲಿ ಪದಕದೊಂದಿಗೆ ನಿರಾಶೆ ಬಂದಿತು. ಚಾರಿತ್ರಿಕವಾಗಿ ನೋಡಿದರೆ ಇವೆರಡರಲ್ಲಿ ಯಾವುದು ಹೆಚ್ಚು ಎಂಬ ಚರ್ಚೆ ನಿರರ್ಥಕ. ಆ ಸೋಲಿನ ನಂತರ ಎರಡು ತಿಂಗಳು ತುಂಬುವ ಮೊದಲೇ ಸ್ಪೇನಿನಲ್ಲಿ ಅವರು ಗೆದ್ದರೆಂಬ ಸಂಗತಿ ವೃತ್ತಿಯ ಸ್ವಭಾವವನ್ನು ಚೆನ್ನಾಗಿ ತಿಳಿಸುತ್ತದೆ. ೨೦೨೪ರ ಪ್ಯಾರಿಸ್ ಕೂಟದಲ್ಲಿ ಅವರು ಮೂರನೆಯ ಬಾರಿ ಒಲಿಂಪಿಕ್ಸ್ ಆಡಿ ೨೯ನೆಯ ಸ್ಥಾನವನ್ನು ಹಂಚಿಕೊಂಡರು.

ಹಾದಿ ಹಿಡಿದವರು

ಹಾಂಗ್‌ಝೌಗೆ ಹೋದ ಭಾರತದ ಮಹಿಳಾ ಗಾಲ್ಫ್ ತಂಡದ ರಚನೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ತಂಡದಲ್ಲಿದ್ದ ಮೂವರೂ ಕರ್ನಾಟಕದವರು: ಅದಿತಿ ಅಶೋಕ್, ಮೈಸೂರಿನ ಪ್ರಣವಿ ಅರಸ್ ಮತ್ತು ಬೆಂಗಳೂರಿನ ಅವನಿ ಪ್ರಶಾಂತ್. ಪ್ರಣವಿ ಅವರೂ ಅನಂತರ ಯುರೋಪಿನ ಟೂರ್‌ನಲ್ಲಿ ಆಡತೊಡಗಿದರು. ಕರ್ನಾಟಕದ ಹೊರಗೆ ಹರಿಯಾಣದ ದೀಕ್ಷಾ ದಾಗರ್ ೨೦೧೯ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗೆದ್ದು, ಯುರೋಪಿನ ಟೂರ್‌ನಲ್ಲಿ ಗೆದ್ದ ಎರಡನೆಯ ಭಾರತೀಯ ಮಹಿಳೆಯಾದರು. ಹಿಂದೆ ಒಬ್ಬೊಬ್ಬರ ಸಾಹಸವಾಗಿದ್ದುದು ಈಗ ಒಂದು ಸಾಲಾಗಿದೆ. ‘ಮೊದಲಿಗರು’ ಎಂಬ ಪದಕ್ಕೆ ಅರ್ಥ ಬರುವುದು ಎರಡನೆಯವರು, ಮೂರನೆಯವರು ಬಂದಾಗಲೇ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಸಾಲಿನ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕರ್ನಾಟಕದ ಈ ಆಟಗಾರ್ತಿಯರು ಬೆಂಗಳೂರು ಮೈಸೂರುಗಳವರು. ಅದಿತಿ ಅವರ ಬಾಲ್ಯದಲ್ಲಿ ಕ್ಲಬ್ಬಿನ ಪರಂಪರೆ ಇರದಿದ್ದರೂ ಅಭ್ಯಾಸದ ಅಂಗಳವಿರುವ ನಗರವಿತ್ತು. ಮಗಳೊಡನೆ ಸಂಚರಿಸಿ ಚೀಲವನ್ನೂ ಹೊರಬಲ್ಲ ತಂದೆತಾಯಿ ಇದ್ದರು. ಸಂಸ್ಥೆಯೊಂದು ಮಾಡಬೇಕಾದ ಕೆಲಸವನ್ನು ಒಂದು ಕುಟುಂಬ ಮಾಡಿತು. ಎಲ್ಲ ಕುಟುಂಬಗಳಿಗೂ ಇದು ಸಾಧ್ಯವಿಲ್ಲ.

ಈ ಮಾತನ್ನು ತೆಂಗಿನ ಸೀಮೆಯ ಒಂದು ಲೆಕ್ಕದಿಂದ ವಿಶದಪಡಿಸಬಹುದು. ಹದಿನೆಂಟು ಕುಳಿಗಳ ಅಂಗಳಕ್ಕೆ ನೂರು ಎಕರೆಗೆ ಕಡಿಮೆಯಿಲ್ಲದ ನೆಲ ಬೇಕೆಂದು ಇಟ್ಟುಕೊಳ್ಳೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳಲ್ಲಿ ಮೂವತ್ತು ಅಡಿ ಅಂತರಕ್ಕೆ ಸಸಿ ನೆಟ್ಟರೆ ಎಕರೆಗೆ ಸುಮಾರು ೪೮ ಮರ. ಅಂದರೆ ಒಂದು ಗಾಲ್ಫ್ ಅಂಗಳದ ವಿಸ್ತಾರದಲ್ಲಿ ಹೆಚ್ಚುಕಡಿಮೆ ೪೮೦೦ ತೆಂಗಿನ ಮರಗಳು ನಿಲ್ಲುತ್ತವೆ. ಕೊಬ್ಬರಿಯ ದರದ ಏರಿಳಿತವನ್ನೇ ನಂಬಿ, ಕೊಳವೆಬಾವಿಯ ನೀರು ಇಳಿಯುವುದನ್ನು ನೋಡುತ್ತ ಬದುಕುವ ಸೀಮೆಯಲ್ಲಿ ಹಸಿರು ಹುಲ್ಲಿಗಾಗಿ ಅಷ್ಟು ನೆಲವನ್ನೂ ನೀರನ್ನೂ ಬಿಡಿ ಎಂದು ಯಾರೂ ಕೇಳಲಾರರು, ಕೇಳಲೂಬಾರದು. ಹಾಲ್ಕುರಿಕೆಯ ಹುಡುಗಿಗೆ ಗಾಲ್ಫ್ ದೂರವಾಗಿರುವುದು ಆಸಕ್ತಿಯ ಕೊರತೆಯಿಂದಲ್ಲ. ನೆಲ ಮತ್ತು ನೀರಿನ ಲೆಕ್ಕವೇ ಅವಳಿಗೆ ಎದುರಾಗಿದೆ.

ಆದರೆ ಅದಿತಿ ಅವರ ಆರಂಭ ನೂರು ಎಕರೆಯಲ್ಲಿ ಆಗಲಿಲ್ಲ ಎಂಬುದನ್ನು ಮರೆಯಲಾಗದು. ಅದು ಅಭ್ಯಾಸದ ಅಂಗಳದ ಒಂದು ತುದಿಯಲ್ಲಿ ಆಯಿತು. ಅಂತಹ ಅಂಗಳಕ್ಕೆ ಕೆಲವೇ ಎಕರೆ ಸಾಕು. ಅವರ ಆಟದ ಜೀವಾಳವಾದ ಪಟ್ ಅನ್ನು ಕಲಿಯಲು ಅದೂ ಬೇಡ. ಒಂದು ಸಮತಟ್ಟಾದ ನೆಲ, ಒಂದು ಕೋಲು, ಒಂದು ಚೆಂಡು, ಒಂದು ಕುಳಿ ಸಾಕು. ಚಿಣ್ಣಿದಾಂಡು, ಗೋಲಿಗಳಲ್ಲಿ ಕೈಪಳಗಿದ ಮಕ್ಕಳಿಗೆ ಗುರಿ ಮತ್ತು ಕುಳಿಯ ಸಂಬಂಧ ಹೊಸದೇನಲ್ಲ. ಜಿಲ್ಲಾ ಕ್ರೀಡಾಂಗಣಗಳ ಅಂಚಿನಲ್ಲಿ ಇಂತಹ ಸಣ್ಣ ಏರ್ಪಾಡುಗಳಾದರೆ, ಅಲ್ಲಿ ಕಂಡುಬಂದ ಮಕ್ಕಳಿಗೆ ನಗರದ ಕ್ಲಬ್ಬುಗಳು ವಾರದ ಕೆಲವು ದಿನ ಬಾಗಿಲು ತೆರೆದರೆ, ಬೆಂಗಳೂರು–ಅರಸೀಕೆರೆ ರೈಲುಮಾರ್ಗದ ಈ ಸೀಮೆಗೆ ರಾಜಧಾನಿಯ ಅಂಗಳಗಳು ಎಟುಕದಷ್ಟು ದೂರವಲ್ಲ. ಚಿಕ್ಕರಂಗಪ್ಪನವರಿಗೆ ನೆರೆಹೊರೆಯ ದೆಸೆಯಿಂದ ಒದಗಿದ ಅವಕಾಶವು ಹೆಣ್ಣುಮಕ್ಕಳಿಗೆ ಏರ್ಪಾಡಿನಿಂದ ಒದಗಬೇಕಾಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಕರ್ನಾಟಕದಲ್ಲಿ ಗಾಲ್ಫ್‌ಗೆ ಒಂದೂವರೆ ಶತಮಾನದ ಚರಿತ್ರೆಯಿದ್ದರೂ ಮಹಿಳೆಗೆ ಅದು ವೃತ್ತಿಯಾದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಎರಡು, ಆ ವೃತ್ತಿಯನ್ನು ಜಗತ್ತಿನ ಮಟ್ಟದಲ್ಲಿ ನೆಲೆಗೊಳಿಸಿ ತೋರಿಸಿದವರು ಅದಿತಿ ಅಶೋಕ್. ಇದಕ್ಕೆ ಅವರ ಐದು ಗೆಲುವುಗಳಷ್ಟೇ ಪ್ರಬಲವಾದ ಸಾಕ್ಷ್ಯ ಗೆಲುವಿಲ್ಲದ ಐದು ವರ್ಷಗಳು. ಮೂರು, ಅವರ ಹಾದಿಯ ಆರಂಭದಲ್ಲಿದ್ದದ್ದು ಹೊರಗಿನವರಿಗೂ ಕಾಣುವಂತಿದ್ದ, ಮಗುವೊಂದನ್ನು ಒಳಗೆ ಬಿಟ್ಟ ಒಂದು ಅಭ್ಯಾಸದ ಅಂಗಳ.

ಕರ್ನಾಟಕದ ಕ್ರೀಡಾಚರಿತ್ರೆಯನ್ನು ಮುಂದೆ ಬರೆಯುವವರು ಪದಕಗಳನ್ನು ಎಣಿಸುವುದರ ಜೊತೆಗೆ ಇಂತಹ ಬಾಗಿಲುಗಳನ್ನೂ ಎಣಿಸಬೇಕಾಗುತ್ತದೆ. ಯಾವ ಊರಿನಲ್ಲಿ, ಯಾರಿಗೆ, ಎಷ್ಟು ಬಾಗಿಲುಗಳು ತೆರೆದಿದ್ದವು ಎಂಬುದು ತಿಳಿದರೆ, ಯಾವ ಊರಿನ ಯಾರು ಮೊದಲಿಗರಾದರು ಎಂಬುದಕ್ಕೆ ಕಾರಣ ತಾನಾಗಿಯೇ ತಿಳಿಯುತ್ತದೆ. ಯಾರು ಆಗಲಿಲ್ಲ, ಏಕೆ ಆಗಲಿಲ್ಲ ಎಂಬುದೂ ತಿಳಿಯುತ್ತದೆ.